ಗೀಸರ್ ರಿಪೇರಿಯೋ, ಬದಲಿಯೋ? ಲಕ್ಷಣ ನೋಡಿ ತಿಳಿಯುವ ಬಗೆ

ಹೋದ ಡಿಸೆಂಬರಿನಲ್ಲಿ ಮಂಡ್ಯದಿಂದ ದೊಡ್ಡಮ್ಮ ಫೋನ್ ಮಾಡಿದರು. "ಗೀಸರ್ ಕೆಟ್ಟೋಗದೆ ಕಣಪ್ಪ. ಹೊಸದೇ ತಗಂಡ್ಬುಡನ ಅಂತವ್ರೆ ನಿಮ್ ದೊಡ್ಡಪ್ಪ. ಯಾವ್ದು ತಗಳ್ಳದು ಹೇಳು." ಕೆಂಪು ಲೈಟ್ ಹತ್ತುತ್ತಾ ಅಂತ ಕೇಳಿದೆ. ಹತ್ತಲ್ಲ ಅಂದರು. ಭಾನುವಾರ ಹೋಗಿ ಪ್ಲಗ್ ಎಳೆದು ನೋಡಿದರೆ ಕೆಳಗಿನ ಒಂದು ಪಿನ್ನಿನ ಬುಡ ಕಪ್ಪಾಗಿತ್ತು. ಸಾಕೆಟ್ಟಿನ ಆ ತೂತಿನ ಅಂಚು ಸುಟ್ಟ ಹಪ್ಪಳದ ಹಾಗೆ ಉಬ್ಬಿತ್ತು. ಬೀದಿಯ ಎಲೆಕ್ಟ್ರಿಷಿಯನ್ನನ್ನು ಕರೆಸಿ ಹೊಸ ಸಾಕೆಟ್ಟು, ಹೊಸ ಪ್ಲಗ್ ಹಾಕಿಸಿದೆವು. ಅದೇ ಗೀಸರ್ ಇವತ್ತಿಗೂ ನೀರು ಕಾಯಿಸುತ್ತಿದೆ.

ನಮ್ಮ ಮನೆಯದು ಇದರ ಉಲ್ಟಾ ಕಥೆ. ನಾವಿರುವುದು ಮೈಸೂರಿನ ಬೋಗಾದಿ ಕಡೆ. ನೆಲದಡಿಯ ನೀರಿನ ಸಂಪ್‌ಗೆ ಕಾವೇರಿ ನೀರೂ ಬರುತ್ತದೆ, ಬೋರ್ ನೀರೂ ಬೀಳುತ್ತದೆ. ನಮ್ಮ ಗೀಸರಿನ ಟ್ಯಾಂಕೇ ತೂತಾಗಿತ್ತು. ನಾನು ಒಪ್ಪಿಕೊಳ್ಳದೆ ಎರಡು ಸಲ ರಿಪೇರಿ ಮಾಡಿಸಿದೆ. ಎರಡೂ ದುಡ್ಡು ನೀರಲ್ಲೇ ಹೋಯಿತು.

ಒಬ್ಬರು ಕೆಡದೇ ಇದ್ದದ್ದನ್ನು ಎಸೆಯಲು ಹೊರಟಿದ್ದರು, ಇನ್ನೊಬ್ಬರು ಸತ್ತದ್ದಕ್ಕೆ ಔಷಧಿ ಕುಡಿಸುತ್ತಿದ್ದರು. ಇವೆರಡರ ಮಧ್ಯೆ ಗೆರೆ ಎಲ್ಲಿದೆ ಅಂತ ಕಂಡುಕೊಳ್ಳಲು ಈ ಕೈಪಿಡಿ. ಗೋಡೆಗೆ ನೇತುಹಾಕುವ 10, 15, 25 ಲೀಟರಿನ ಕರೆಂಟ್ ಗೀಸರ್ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಗ್ಯಾಸ್ ಗೀಸರ್ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಇದೆ. ಆದರೆ ಆ ಮನೆಯವರು ಅದನ್ನೇ ಮೊದಲು ಓದಿದರೆ ಒಳ್ಳೆಯದು.

ಕೈ ಹಾಕುವ ಮುಂಚೆ

ಬಚ್ಚಲುಮನೆಯ ಸ್ವಿಚ್ ಆರಿಸಿದರೆ ಸಾಲದು. ಮೀಟರ್ ಹತ್ತಿರದ ಎಂಸಿಬಿಯನ್ನೇ, ಅಂದರೆ ಕರೆಂಟ್ ಜಾಸ್ತಿ ಹರಿದರೆ ತಾನಾಗಿ ಬೀಳುವ ಸ್ವಿಚ್ಚನ್ನೇ ಕೆಳಗಿಳಿಸಿ. ಎಷ್ಟೋ ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ತಂತಿಯ ಬದಲು ಅದು ವಾಪಸ್ ಹೋಗುವ ನ್ಯೂಟ್ರಲ್‌ಗೆ ಕೊಟ್ಟಿರುತ್ತಾರೆ. ಆಗ ಸ್ವಿಚ್ ಆರಿದ್ದರೂ ಗೀಸರ್ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಕೈ ಒಣಗಿರಲಿ, ನೆಲ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ.

ನೀವು ಮಾಡಬಹುದಾದ ಕೆಲಸ ನೋಡುವುದು, ಮೂಸುವುದು, ಕೇಳುವುದು, ನಲ್ಲಿ ತಿರುಗಿಸುವುದು, ಪ್ಲಗ್ ತೆಗೆಯುವುದು. ಗೀಸರಿನ ಕೆಳಗಿನ ಮುಚ್ಚಳದ ಸ್ಕ್ರೂ ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್‌ದು. ಯೂಟ್ಯೂಬ್ ನೋಡಿ ಬಿಚ್ಚಿದವರ ಮನೆಗೆ ಹೋಗಿ ಜೋಡಿಸಿ ಬರುವುದೇ ಚಳಿಗಾಲದಲ್ಲಿ ಅರ್ಧ ಕೆಲಸ ಅಂತ ನಮ್ಮ ಎಲೆಕ್ಟ್ರಿಷಿಯನ್ ನಗುತ್ತಾ ಹೇಳುತ್ತಾರೆ.

"ಲೈಟೇ ಹತ್ತಲ್ಲ"

ಇದು ಬಹುಪಾಲು ಸಣ್ಣ ದೋಷ. ಮೊದಲು ಎಂಸಿಬಿ ಬಿದ್ದಿದೆಯಾ ನೋಡಿ. ಮೇಲಿದ್ದರೆ ಎಂಸಿಬಿ ಇಳಿಸಿ ಪ್ಲಗ್ ತೆಗೆಯಿರಿ. ಪಿನ್ನು ಕಪ್ಪಾಗಿದೆಯಾ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ, ಸುಟ್ಟ ವಾಸನೆ ಬರುತ್ತಿದೆಯಾ ನೋಡಿ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪ್ ಕರೆಂಟ್ ಎಳೆಯುತ್ತದೆ. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪ್ ಎಳೆಯುತ್ತದೆ. ಅಷ್ಟು ಕರೆಂಟ್ ಹರಿಯುವ ಕಡೆ ಒಂದು ಸ್ಕ್ರೂ ಸಡಿಲವಾಗಿದ್ದರೆ ಸಾಕು, ಅಲ್ಲೇ ಕಾಯುತ್ತದೆ, ಕಾದು ಕಾದು ಸುಡುತ್ತದೆ. ದೊಡ್ಡಮ್ಮನ ಮನೆಯಲ್ಲಿ ಆಗಿದ್ದೂ ಇದೇ.

ಸುಟ್ಟ ಸಾಕೆಟ್ಟಿಗೆ ಹೊಸ ಪ್ಲಗ್ ಮಾತ್ರ ಹಾಕಿಸಬೇಡಿ. ಎರಡನ್ನೂ ಬದಲಿಸಿ, ಸುಟ್ಟ ತಂತಿಯ ತುದಿಯನ್ನೂ ಕತ್ತರಿಸಿಸಿ. ಸಾಕೆಟ್ಟು 16 ಆಂಪಿನದೇ ಆಗಿರಬೇಕು. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ಟಿಗೆ ಕನ್ವರ್ಷನ್ ಪ್ಲಗ್ ಸಿಕ್ಕಿಸಿ ಗೀಸರ್ ಓಡಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ.

ಸಾಕೆಟ್ಟು ಚೆನ್ನಾಗಿದೆ, ಕರೆಂಟೂ ಬರುತ್ತಿದೆ, ಆದರೂ ಲೈಟ್ ಹತ್ತುವುದಿಲ್ಲ ಅಂದರೆ ಒಳಗಿನ ಥರ್ಮೋಸ್ಟ್ಯಾಟ್ ಅಥವಾ ಕಟೌಟ್ ಮೇಲೆ ಅನುಮಾನ. ನೀರು ಬೇಕಾದಷ್ಟು ಕಾದ ಮೇಲೆ ಕರೆಂಟ್ ನಿಲ್ಲಿಸುವುದು ಥರ್ಮೋಸ್ಟ್ಯಾಟ್ ಕೆಲಸ. ನೀರು ಅತಿಯಾಗಿ ಕಾದಾಗ ಕರೆಂಟ್ ಕತ್ತರಿಸುವುದು ಕಟೌಟ್ ಕೆಲಸ. ಒಮ್ಮೆ ಬಿದ್ದಿದ್ದರೆ ಎಲೆಕ್ಟ್ರಿಷಿಯನ್ ಅದನ್ನು ಮತ್ತೆ ಒತ್ತಿ ಕೂರಿಸುತ್ತಾರೆ. ಪದೇ ಪದೇ ಬೀಳುತ್ತಿದ್ದರೆ ಥರ್ಮೋಸ್ಟ್ಯಾಟ್ ಕೈಕೊಟ್ಟಿದೆ ಎಂದರ್ಥ, ಅದನ್ನು ಬದಲಿಸಬೇಕು. "ಕಟೌಟ್ ತೆಗೆದು ಡೈರೆಕ್ಟ್ ಕೊಡ್ತೀನಿ ಸಾರ್" ಅಂದವರಿಗೆ ಟೀ ಕೊಟ್ಟು ಕಳಿಸಿಬಿಡಿ.

"ಲೈಟ್ ಹತ್ತಿದೆ, ನೀರು ಮಾತ್ರ ತಣ್ಣಗೆ"

ಸ್ವಲ್ಪ ಲೆಕ್ಕ ಹಾಕೋಣ. ಚಳಿಗಾಲದ ಬೆಳಿಗ್ಗೆ ಟೆರೇಸಿನ ಟ್ಯಾಂಕಿನ ನೀರು 22 ಡಿಗ್ರಿ ಇದೆ ಅಂದುಕೊಳ್ಳಿ. ಅದು 60 ಡಿಗ್ರಿಗೆ ಕಾಯಲು 2000 ವ್ಯಾಟಿನ 15 ಲೀಟರ್ ಗೀಸರಿಗೆ 20 ನಿಮಿಷ ಬೇಕು. 25 ಲೀಟರಿಗೆ ಅರ್ಧ ಗಂಟೆಯ ಮೇಲೆ ಮೂರು ನಿಮಿಷ. ಐದು ನಿಮಿಷಕ್ಕೆ ನಲ್ಲಿ ತಿರುಗಿಸಿ "ಕಾದಿಲ್ಲ" ಅಂತ ಬೈದರೆ ಅದು ಗೀಸರಿನ ತಪ್ಪಲ್ಲ.

ಮುಕ್ಕಾಲು ಗಂಟೆಯಾದರೂ ನೀರು ಸ್ವಲ್ಪವೂ ಬೆಚ್ಚಗಾಗದಿದ್ದರೆ ಅದನ್ನು ಕಾಯಿಸುವ ಕಾಯಿಲ್ ಕಡಿದಿದೆ. ಅನೇಕ ಮಾಡೆಲ್‌ಗಳಲ್ಲಿ ಥರ್ಮೋಸ್ಟ್ಯಾಟ್ ದಾಟಿ ಬಂದ ಕರೆಂಟೇ ಲೈಟಿಗೂ ಕಾಯಿಲಿಗೂ ಹೋಗುತ್ತದೆ. ಹಾಗಾಗಿ ಲೈಟ್ ಉರಿದು ನೀರು ಕಾಯದಿದ್ದರೆ ಬೆರಳು ತೋರಿಸುವುದು ಕಾಯಿಲ್ ಕಡೆಗೇ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ನೋಡಿದರೆ 2000 ವ್ಯಾಟಿನ ಒಳ್ಳೆಯ ಕಾಯಿಲ್ 26 ಓಮ್ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಅದು ಹೋಗಿದೆ.

ಕಾಯಿಲ್ ಹೋಯಿತು ಅಂದರೆ ಗೀಸರ್ ಹೋಯಿತು ಅಂತಲ್ಲ. ಕಾಯಿಲ್ ಮತ್ತು ಅದರ ಜೊತೆಗೇ ಬದಲಿಸಬೇಕಾದ, ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಸೇರಿದರೂ ಹೊಸ ಗೀಸರಿನ ಬೆಲೆಯ ಸಣ್ಣ ಪಾಲು ಮಾತ್ರ. ಟ್ಯಾಂಕ್ ಗಟ್ಟಿಯಾಗಿದ್ದರೆ ಕಾಯಿಲ್ ಹಾಕಿಸಿ.

"ಎರಡು ಚೊಂಬು ಬಿಸಿ, ಆಮೇಲೆ ತಣ್ಣೀರು"

ಮೊದಲು ಮನೆಯ ಲೆಕ್ಕ ನೋಡಿ. ಇಬ್ಬರಿದ್ದಾಗ ತಂದ 10 ಲೀಟರ್ ಗೀಸರ್, ಈಗ ಮಕ್ಕಳು, ಅತ್ತೆ ಮಾವ ಎಲ್ಲ ಸೇರಿ ಆರು ಜನ. ಮೊದಲು ಚೊಂಬಿನಲ್ಲಿ ಸ್ನಾನ, ಈಗ ಶವರ್. ಗೀಸರ್ ಹಾಗೇ ಇದೆ, ಮನೆ ಬೆಳೆದಿದೆ. ಇದಕ್ಕೆ ರಿಪೇರಿ ಇಲ್ಲ.

ಅದಲ್ಲ ಅಂದರೆ ಮಿಕ್ಸರ್ ನಲ್ಲಿ ನೋಡಿ. ಬಿಸಿ ತಣ್ಣೀರು ಎರಡಕ್ಕೂ ಒಂದೇ ಹಿಡಿ ಇರುವ ನಲ್ಲಿಯ ಒಳಗಿನ ಕಾರ್ಟ್ರಿಜ್ ಸವೆದರೆ ತಣ್ಣೀರು ಗೊತ್ತಾಗದಂತೆ ಬಿಸಿ ಸಾಲಿಗೆ ನುಗ್ಗುತ್ತದೆ. ಇದನ್ನು ಪತ್ತೆ ಮಾಡಲು ಕಾಸು ಖರ್ಚಿಲ್ಲ. ಗೀಸರಿಗೆ ನೀರು ಹೋಗುವ ಆಂಗಲ್ ಕಾಕ್ ಮುಚ್ಚಿ, ಗೀಸರ್ ಆರಿಸಿ, ಬಿಸಿ ನಲ್ಲಿ ಮಾತ್ರ ತಿರುಗಿಸಿ. ನೀರು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ತಣ್ಣೀರು ಬೇರೆ ದಾರಿಯಿಂದ ಬರುತ್ತಿದೆ. ಪ್ಲಂಬರ್ ಕೆಲಸ, ಎಲೆಕ್ಟ್ರಿಷಿಯನ್‌ದಲ್ಲ.

ಮೂರನೆಯದು ಒಳಗಿನ ಕೊಳವೆ. ತಣ್ಣೀರನ್ನು ಟ್ಯಾಂಕಿನ ತಳದಲ್ಲೇ, ನಿಧಾನವಾಗಿ ಬಿಡಲು ಒಳಗೆ ಒಂದು ಏರ್ಪಾಡಿರುತ್ತದೆ. ಅದು ಮುರಿದರೆ ಹೊಸ ತಣ್ಣೀರು ನೇರ ಬಿಸಿ ನೀರಿನ ಜೊತೆ ಕಲಸಿಹೋಗುತ್ತದೆ. ಇದು ತೀರಾ ಅಪರೂಪ. ಹೆಚ್ಚಾಗಿ ಕಾಣುವುದು ತಳದಲ್ಲಿ ಕೂತ ಗಸಿ.

"ಒಳಗೆ ಸಾಸಿವೆ ಸಿಡಿದ ಹಾಗೆ ಸದ್ದು"

ಬೋರ್ ನೀರಿನ ಮನೆಯವರಿಗೆ ಈ ಸದ್ದು ಗೊತ್ತು. ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣ ಕಾಯಿಲ್ ಮೇಲೆ ಪದರ ಪದರವಾಗಿ ಕೂರುತ್ತದೆ. ಆ ಪದರದ ಅಡಿ ಸಿಕ್ಕಿಕೊಂಡ ನೀರು ಕುದಿದು ಸಿಡಿಯುವುದೇ ಆ ಚಟಪಟ. ಜೊತೆಗೆ ನೀರು ಕಾಯಲು ತಡ, ಕರೆಂಟ್ ಬಿಲ್ ಜಾಸ್ತಿ.

ನಮ್ಮ ಮನೆಯ ಕಾಯಿಲ್ ಮೊದಲ ಸಲ ಹೊರಗೆ ತೆಗೆದಾಗ ನಾನು ಅದನ್ನು ಕಾಯಿಲ್ ಅಂತ ಗುರುತಿಸಲೇ ಇಲ್ಲ. ಬೆರಳು ಗಾತ್ರದ ಕೊಳವೆ ಮಣಿಕಟ್ಟಿನಷ್ಟು ದಪ್ಪವಾಗಿತ್ತು, ಮೇಲೆಲ್ಲ ಬಿಳಿ ಬೂದು ಬಣ್ಣದ ಚಿಪ್ಪು. ತಳದಿಂದ ಅರ್ಧ ಬಕೆಟ್ ಚೂರು ಬಂತು, ಮೊಟ್ಟೆ ಸಿಪ್ಪೆ ಪುಡಿ ಮಾಡಿದ ಹಾಗೆ. "ಸಾರ್, ಇದು ಗೀಸರ್ ಅಲ್ಲ, ಸುಣ್ಣದ ಗೂಡು" ಅಂದರು ಎಲೆಕ್ಟ್ರಿಷಿಯನ್.

ಸದ್ದು ಶುರುವಾದ ತಕ್ಷಣ ಸರ್ವಿಸ್ ಮಾಡಿಸಿದರೆ ಕಾಯಿಲ್ ಉಳಿಯುತ್ತದೆ. ಆಗ ಆನೋಡ್ ರಾಡ್ ಕೂಡ ತೆಗೆಸಿ ನೋಡಿ. ಅದು ಮೆಗ್ನೀಸಿಯಂ ಕಡ್ಡಿ. ನೀರು ಟ್ಯಾಂಕಿನ ಕಬ್ಬಿಣವನ್ನು ತಿನ್ನುವ ಬದಲು ಈ ಕಡ್ಡಿಯನ್ನು ತಿನ್ನಲಿ ಅಂತ ಒಳಗೆ ಇಟ್ಟಿರುತ್ತಾರೆ. ಕಡ್ಡಿ ಮುಗಿದ ಮೇಲೆ ಟ್ಯಾಂಕಿನ ಸರದಿ. ನಮ್ಮದರಲ್ಲಿ ಕಡ್ಡಿಯ ಜಾಗದಲ್ಲಿ ಬರೀ ತಂತಿ ಉಳಿದಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ!

ಇದೇ ಸಾಲಿನ ಇನ್ನೆರಡು ಲಕ್ಷಣ. ಬಿಸಿ ನೀರಿಗೆ ಕೊಳೆತ ಮೊಟ್ಟೆ ವಾಸನೆ ಬಂದರೆ, ಹೆಚ್ಚಾಗಿ ತುಂಬ ದಿನ ನಿಂತ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಕಾರಣ. ನೀರು ಪೂರ್ತಿ ಖಾಲಿ ಮಾಡಿಸಿ, ಹೊಸ ನೀರು ತುಂಬಿಸಿ ಒಮ್ಮೆ ಚೆನ್ನಾಗಿ ಕಾಯಿಸಿ ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ಬಿಸಿ ನಲ್ಲಿಯಲ್ಲಿ ಮಾತ್ರ ಕೆಂಪು ನೀರು ಬರುತ್ತಿದ್ದರೆ ಅದು ತುಕ್ಕು. ತಣ್ಣೀರಿನ ನಲ್ಲಿಯಲ್ಲೂ ಕೆಂಪು ಬಂದರೆ ದೋಷ ಗೀಸರಿನದಲ್ಲ, ಪೈಪಿನದು ಅಥವಾ ಬೋರಿನದು.

"ಬಿಸಿ ನೀರು ಮಾತ್ರ ಸಣ್ಣಗೆ ಬರುತ್ತೆ"

ಆಂಗಲ್ ಕಾಕ್ ಪೂರ್ತಿ ತೆರೆದಿದೆಯಾ ನೋಡಿ. ಶವರ್ ತೂತುಗಳನ್ನು ನಿಂಬೆಹಣ್ಣು ಅಥವಾ ವಿನಿಗರ್‌ನಲ್ಲಿ ನೆನೆಸಿ ತೊಳೆಯಿರಿ. ಅಷ್ಟಕ್ಕೂ ಸರಿಹೋಗದಿದ್ದರೆ ತಣ್ಣೀರು ಒಳಬರುವ ಕಡೆ ಇರುವ, ಒತ್ತಡ ಜಾಸ್ತಿಯಾದರೆ ನೀರು ಹೊರಬಿಡುವ ಸೇಫ್ಟಿ ವಾಲ್ವಿನಲ್ಲಿ ಅಥವಾ ಹೊರಹೋಗುವ ಕೊಳವೆಯಲ್ಲಿ ಸುಣ್ಣ ಕಟ್ಟಿದೆ. ಕರೆಸಿ ತೆಗೆಸಿ.

"ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ, ಟ್ರಿಪ್ ಆಗುತ್ತೆ"

ಇಲ್ಲಿ ಪರೀಕ್ಷೆ ಗಿರೀಕ್ಷೆ ಇಲ್ಲ. ಎಂಸಿಬಿ ಇಳಿಸಿ, ಮನೆಯವರಿಗೆಲ್ಲ ಹೇಳಿ, ಅದರ ಮೇಲೆ ಒಂದು ಟೇಪ್ ಅಂಟಿಸಿ. ಎಲೆಕ್ಟ್ರಿಷಿಯನ್ ಬರುವವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. "ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೆ" ಅನ್ನುವ ಮಾತೇ ಬೇಡ. ಒದ್ದೆ ಮೈಯಲ್ಲಿ, ಬರಿಗಾಲಲ್ಲಿ ನಿಂತಾಗ ಆ ಸ್ವಲ್ಪವೇ ಸಾಕು.

ಹೆಚ್ಚಾಗಿ ಆಗಿರುವುದು ಹೀಗೆ. ಕಾಯಿಲಿನ ಹೊರಕವಚ ಬಿರುಕು ಬಿಟ್ಟು ಕರೆಂಟ್ ನೀರಿಗೆ ಸೋರುತ್ತಿದೆ. ಅರ್ತಿಂಗ್ ಚೆನ್ನಾಗಿದ್ದಿದ್ದರೆ ಅದು ನೆಲಕ್ಕೆ ಇಳಿಯುತ್ತಿತ್ತು. ನಿಮಗೆ ಜುಮ್ ಅಂತು ಅಂದರೆ ಅರ್ತಿಂಗೂ ಸರಿಯಿಲ್ಲ. ದೋಷ ಒಂದಲ್ಲ, ಎರಡು. ಕಾಯಿಲ್ ಬದಲಿಸಿ ಅರ್ತಿಂಗ್ ನೋಡದೆ ಬಿಟ್ಟರೆ ಮುಂದಿನ ಕಾಯಿಲ್ ಸೋರಿದಾಗ ಮತ್ತೆ ಅದೇ ಕಥೆ.

ಶಾಕ್ ಇಲ್ಲ, ಬರೀ ಟ್ರಿಪ್ ಆಗುತ್ತದೆ ಅಂದರೆ ಯಾವುದು ಬೀಳುತ್ತಿದೆ ಅಂತ ಗಮನಿಸಿ. ಎಂಸಿಬಿ ಬೀಳುವುದು ಕರೆಂಟ್ ಜಾಸ್ತಿ ಹರಿದಾಗ ಅಥವಾ ಶಾರ್ಟ್ ಆದಾಗ. ಆರ್‌ಸಿಸಿಬಿ ಬೀಳುವುದು ಕರೆಂಟ್ ಸೋರಿದಾಗ. ಅದರಲ್ಲಿ ಟೆಸ್ಟ್ ಅಂತ ಸಣ್ಣ ಗುಂಡಿ ಇರುತ್ತದೆ. ಮನೆಗೆ ಹಾಕುವುದು 30 ಮಿಲಿಆಂಪಿನದು. ಗೀಸರ್ ಹಾಕಿದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಅದು ನಿಮ್ಮ ಜೀವ ಉಳಿಸುತ್ತಿದೆ, ಅದನ್ನೇ ದೋಷ ಅಂದುಕೊಂಡು ತೆಗೆಸಬೇಡಿ. ಗೀಸರ್ ಪ್ಲಗ್ ತೆಗೆದ ಮೇಲೂ ಖಾಲಿ ಸ್ವಿಚ್ ಒತ್ತಿದಾಗ ಬೀಳುತ್ತಿದ್ದರೆ ತಪ್ಪು ಗೋಡೆಯೊಳಗಿನ ವೈರಿಂಗ್‌ದು.

ಬಾಡಿಗೆ ಮನೆಯಲ್ಲಿದ್ದರೆ ಇಷ್ಟನ್ನು ಮಾಲೀಕರಿಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಮೆಸೇಜ್ ಹಾಕಿಡಿ. ಇಡೀ ಬೀದಿಯ ಕರೆಂಟೇ ಏರುಪೇರಾಗುತ್ತಿದ್ದರೆ, ಕಂಬದಿಂದ ಕಿಡಿ ಹಾರುತ್ತಿದ್ದರೆ 1912ಕ್ಕೆ ಫೋನ್ ಮಾಡಿ. ಅದು ನಮ್ಮ ಕಡೆ ಕರೆಂಟ್ ಕೊಡುವ ಸೆಸ್ಕ್ ಕಂಪನಿಯವರ ಕೆಲಸ.

"ಕೆಳಗೆ ನೀರು ತೊಟ್ಟಿಕ್ಕುತ್ತೆ"

ಈ ಲಕ್ಷಣದಲ್ಲೇ ಜನ ಜಾಸ್ತಿ ಮೋಸ ಹೋಗುವುದು, ನಾನೂ ಸೇರಿ. ತೊಟ್ಟಿಕ್ಕುವ ಜಾಗ ನಾಲ್ಕು, ಒಂದೊಂದರ ಅರ್ಥವೂ ಬೇರೆ. ಎಂಸಿಬಿ ಇಳಿಸಿ, ಗೀಸರಿನ ಮೈ ಕೆಳಗೆಲ್ಲ ಒಣ ಬಟ್ಟೆಯಲ್ಲಿ ಒರೆಸಿ. ಒಂದೊಂದು ಜಾಗಕ್ಕೂ ಟಿಶ್ಯೂ ಪೇಪರ್ ತುಂಡು ಸುತ್ತಿ ಒಂದು ಗಂಟೆ ಬಿಡಿ. ಯಾವುದು ಮೊದಲು ಒದ್ದೆಯಾಯಿತು ನೋಡಿ.

ಕನೆಕ್ಷನ್ ಪೈಪಿನ ನಟ್ಟಿನ ಹತ್ತಿರ ಒದ್ದೆಯಾದರೆ ಒಳಗಿನ ವಾಷರ್ ಹೋಗಿದೆ. ಹೊಸ ವಾಷರ್, ಇಲ್ಲವೇ ಹೊಸ ಪೈಪ್. ಕೆಲಸ ಮುಗಿಯಿತು.

ಸೇಫ್ಟಿ ವಾಲ್ವಿನ ಸಣ್ಣ ಮೂತಿಯಿಂದ, ಅದೂ ನೀರು ಕಾಯುವಾಗ ಮಾತ್ರ ಹನಿ ಬಿದ್ದರೆ ದೋಷವೇ ಅಲ್ಲ. ನೀರು ಕಾದಾಗ ಹಿಗ್ಗುತ್ತದೆ. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಕಾದರೆ ಒಂದು ದೊಡ್ಡ ಲೋಟದಷ್ಟು ಜಾಸ್ತಿಯಾಗುತ್ತದೆ. ಹಿಂದೆ ಹೋಗಲು ದಾರಿ ಇಲ್ಲದಾಗ ಅದು ಆ ಮೂತಿಯಿಂದಲೇ ಹೊರಬರಬೇಕು. ಗೀಸರ್ ಆರಿಸಿದ ಮೇಲೂ ದಿನವಿಡೀ ಸುರಿಯುತ್ತಿದ್ದರೆ ವಾಲ್ವಿನಲ್ಲಿ ಕಸ ಕೂತಿದೆ ಅಥವಾ ಮನೆಯ ನೀರಿನ ಒತ್ತಡ ಜಾಸ್ತಿ ಇದೆ.

ಇಲ್ಲಿ ನನ್ನ ಮನೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಹನಿ ಬೀಳುತ್ತೆ ಅಂತ ಕರೆಸಿದ ಒಬ್ಬ ರಿಪೇರಿಯವರು ಆ ಮೂತಿಗೆ ಒಂದು ಪ್ಲಗ್ ಹಾಕಿ ಬಿಗಿದು, ದುಡ್ಡು ತಗೊಂಡು ಹೋದರು. ಹನಿ ನಿಂತಿತು. ನಾನು ಖುಷಿಯಾದೆ. ವಾರವಾದ ಮೇಲೆ ನಮ್ಮ ಎಲೆಕ್ಟ್ರಿಷಿಯನ್ ಬೇರೆ ಕೆಲಸಕ್ಕೆ ಬಂದವರು ತಲೆಯೆತ್ತಿ ನೋಡಿ ಗಾಬರಿಯಾದರು. "ಸಾರ್, ಕುಕ್ಕರ್ ವಿಸಲ್ ಜಾಗಕ್ಕೆ ಬೆಣೆ ಹೊಡೆದು ಒಲೆ ಮೇಲೆ ಇಟ್ಟಂಗಾಯ್ತು ಇದು." ಥರ್ಮೋಸ್ಟ್ಯಾಟ್ ಕೈಕೊಟ್ಟ ದಿನ ಆವಿಗೆ ಹೊರಗೆ ಹೋಗಲು ದಾರಿಯೇ ಇರುತ್ತಿರಲಿಲ್ಲ. ಟ್ಯಾಂಕ್ ಒಡೆಯುವುದು ಹಾಗೆಯೇ. ನಿಮ್ಮ ಗೀಸರಿನ ವಾಲ್ವಿಗೆ ಯಾರಾದರೂ ಮುಚ್ಚಳ ಬಿಗಿದಿದ್ದಾರಾ ಅಂತ ಇವತ್ತೇ ನೋಡಿ. ಬಿಗಿದಿದ್ದರೆ ಅದು ತೆಗೆಯುವವರೆಗೆ ಗೀಸರ್ ಹಾಕಬೇಡಿ.

ಮೂರನೆಯದು, ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ನಡುವಿನಿಂದ ಹನಿ. ಕಾಯಿಲ್ ಕೂರಿಸಿದ ಗ್ಯಾಸ್ಕೆಟ್ ಸೋರುತ್ತಿರಬಹುದು. ಅಲ್ಲೇ ವೈರ್ ತುದಿಗಳೂ ಇವೆ, ಆದ್ದರಿಂದ ಬಳಸುವುದನ್ನು ನಿಲ್ಲಿಸಿ ಕರೆಸಿ. ಗ್ಯಾಸ್ಕೆಟ್ ಬದಲಿಸಿದರೆ ಸರಿಹೋಗುತ್ತದೆ.

ನಾಲ್ಕನೆಯದು ಕೊನೆಯದು. ಪೈಪು ಒಣಗಿದೆ, ವಾಲ್ವ್ ಒಣಗಿದೆ, ಹೊಸ ಗ್ಯಾಸ್ಕೆಟ್ ಹಾಕಿದ್ದಾಯಿತು, ಆದರೂ ಹೊರಮೈಯ ಅಂಚಿನಿಂದ, ಹಿಂಬದಿಯಿಂದ ಕಂದು ನೀರು ಇಳಿಯುತ್ತಿದೆ. ಗೋಡೆ ಮೇಲೆ ತುಕ್ಕಿನ ಗೆರೆ ಬಿದ್ದಿದೆ. ಒಳಗಿನ ಟ್ಯಾಂಕ್ ತೂತಾಗಿದೆ. ಇದಕ್ಕೆ ವೆಲ್ಡಿಂಗ್ ಇಲ್ಲ, ಅಂಟು ಇಲ್ಲ. ಟ್ಯಾಂಕಿನ ಸುತ್ತ ಫೋಮ್ ತುಂಬಿರುತ್ತದೆ, ಒಳಗಿನ ಲೇಪನ ಒಮ್ಮೆ ಎದ್ದರೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತದೆ. ಫೋಮ್ ನೆನೆದ ಗೀಸರಿಗೆ ಕರೆಂಟ್ ಕೊಡುವುದೂ ಅಪಾಯ. ನಾನು ಎರಡು ಸಲ ದುಡ್ಡು ಸುರಿದದ್ದು ಇಲ್ಲೇ.

ಹಾಗಾದರೆ ಯಾವಾಗ ಬದಲಿಸಬೇಕು?

ಟ್ಯಾಂಕ್ ಸೋರಿದರೆ ಬದಲಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲು ವಾರಂಟಿ ಕಾರ್ಡ್ ಹುಡುಕಿ. ಇಡೀ ಗೀಸರಿನ ವಾರಂಟಿ ಮುಗಿದಿದ್ದರೂ ಟ್ಯಾಂಕಿಗೆ ಪ್ರತ್ಯೇಕವಾಗಿ ಜಾಸ್ತಿ ವರ್ಷದ ವಾರಂಟಿ ಕೊಟ್ಟಿರುತ್ತಾರೆ. ಬಿಲ್ ಸಿಕ್ಕರೆ ನಿಮ್ಮ ಅದೃಷ್ಟ.

ಟ್ಯಾಂಕ್ ಸೋರಿಲ್ಲ, ಆದರೆ ಕಾಯಿಲ್, ಥರ್ಮೋಸ್ಟ್ಯಾಟ್, ವಾಲ್ವ್ ಮೂರೂ ಒಟ್ಟಿಗೆ ಕೇಳುತ್ತಿವೆ, ಬಿಸಿ ನೀರು ಕೆಂಪಗೆ ಬರುತ್ತಿದೆ, ಬಿಡಿಭಾಗ ಸಿಗುತ್ತಿಲ್ಲ ಅಂದರೂ ಬದಲಿಸುವುದೇ ವಾಸಿ. ರಿಪೇರಿಯ ಲೆಕ್ಕ ಹೊಸದರ ಅರ್ಧ ಬೆಲೆ ಮುಟ್ಟಿದರೆ ನಾನು ಮುಂದೆ ಯೋಚಿಸುವುದಿಲ್ಲ. ಬರೀ ಒಂದು ಕಾಯಿಲ್, ಬರೀ ಒಂದು ಥರ್ಮೋಸ್ಟ್ಯಾಟ್ ಆದರೆ ರಿಪೇರಿ ಮಾಡಿಸಿ.

ಅಂಗಡಿಗೆ ಹೋಗುವ ಮುಂಚೆ ಮೂರು ವಿಷಯ ಬರೆದುಕೊಳ್ಳಿ. ಮನೆಯಲ್ಲಿ ಪ್ರೆಷರ್ ಪಂಪ್ ಇದೆಯಾ? ಎಷ್ಟನೇ ಮಹಡಿ? ಯಾವ ನೀರು? 10 ಮೀಟರ್ ಎತ್ತರದ ನೀರಿಗೆ ಹತ್ತಿರ ಹತ್ತಿರ 1 ಬಾರ್ ಒತ್ತಡ. ತಲೆ ಮೇಲೆ ಒಂದು ಟ್ಯಾಂಕ್ ಇರುವ ಸಾಮಾನ್ಯ ಮನೆಗೆ ಒತ್ತಡದ ಚಿಂತೆಯೇ ಇಲ್ಲ. ಎತ್ತರದ ಅಪಾರ್ಟ್‌ಮೆಂಟು, ಪ್ರೆಷರ್ ಪಂಪ್ ಇರುವ ಮನೆಗೆ 8 ಬಾರ್ ಅಂತ ಬರೆದಿರುವ ಗೀಸರನ್ನೇ ಕೇಳಿ. ಬೋರ್ ನೀರಾದರೆ ಗಡಸು ನೀರಿಗೆ ತಕ್ಕ ಆನೋಡ್ ರಾಡ್ ಇದೆಯಾ, ಅದು ಬಿಡಿಯಾಗಿ ಸಿಗುತ್ತಾ ಕೇಳಿ. ಐಎಸ್ಐ ಗುರುತು, ಸ್ಟಾರ್ ಲೇಬಲ್ ಎರಡೂ ಇರಲಿ. ಡಿಜಿಟಲ್ ಡಿಸ್‌ಪ್ಲೇ, ರಿಮೋಟು ಎಲ್ಲ ನನ್ನ ಮಟ್ಟಿಗೆ ಬಚ್ಚಲುಮನೆಗೆ ಸೇರಿದ್ದಲ್ಲ.

ಹೊಸದು ಕೂರಿಸುವ ದಿನ ಎದುರಿಗಿರಿ

ಇದು ಸ್ವಂತ ಮಾಡುವ ಕೆಲಸವಲ್ಲ, ಕಂಪನಿಯ ತಂತ್ರಜ್ಞರಿಂದಲೋ ಅನುಭವಸ್ಥ ಎಲೆಕ್ಟ್ರಿಷಿಯನ್ನಿಂದಲೋ ಮಾಡಿಸಿ. ಆದರೆ ಅವರು ಕೆಲಸ ಮಾಡುವಾಗ ನೀವು ಆಫೀಸಿಗೆ ಹೋಗಬೇಡಿ. ಒಂದೂವರೆ ಎರಡು ಗಂಟೆಯ ಕೆಲಸ. ಪಕ್ಕದಲ್ಲಿ ನಿಂತು ನೋಡುವುದರಲ್ಲಿ ತಪ್ಪೇನಿಲ್ಲ.

ಹಳೆಯದನ್ನು ಇಳಿಸುವ ಮೊದಲು ಎಂಸಿಬಿ ಇಳಿಸಿ, ನೀರು ತಣ್ಣಗಾಗಲು ಬಿಟ್ಟು, ಟ್ಯಾಂಕ್ ಖಾಲಿ ಮಾಡಬೇಕು. 60 ಡಿಗ್ರಿಯ ನೀರು ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಬೊಬ್ಬೆ ಏಳುತ್ತದೆ. ಅವಸರ ಮಾಡಿಸಬೇಡಿ.

ಆಮೇಲೆ ಗೋಡೆ. 25 ಲೀಟರ್ ಗೀಸರಿನಲ್ಲಿ ನೀರೇ 25 ಕೆಜಿ, ಅದರ ಮೈ ತೂಕ ಬೇರೆ. ಹಳೆಯ ಮೊಳೆಗಳಿಗೇ ಹೊಸದನ್ನು ನೇತುಹಾಕುವ ಆಸೆ ಎಲ್ಲರಿಗೂ ಇರುತ್ತದೆ, ತೂತು ಕೊರೆಯುವ ಕೆಲಸ ತಪ್ಪುತ್ತದಲ್ಲ! ಹೊಸ ಆಂಕರ್ ಬೋಲ್ಟ್ ಹಾಕಿಸಿ. ಈಚಿನ ಲೇಔಟ್‌ಗಳ ಟೊಳ್ಳು ಸಿಮೆಂಟ್ ಇಟ್ಟಿಗೆ ಗೋಡೆಗೂ, ಮೈಸೂರಿನ ಅಗ್ರಹಾರದ ಕಡೆಯ ಹಳೆ ಗಾರೆ ಗೋಡೆಗೂ ಬೇರೆ ಬೇರೆ ಬಗೆಯ ಹಿಡಿತ ಬೇಕು. ಡ್ರಿಲ್ ಮಾಡಿದಾಗ ಬರೀ ಮಣ್ಣು ಉದುರುತ್ತಿದ್ದರೆ ಜಾಗ ಬದಲಿಸಿ. ಕೆಳಗೆ ಕಾಯಿಲ್ ಎಳೆಯಲು ಜಾಗ ಬಿಟ್ಟಿದ್ದಾರಾ ನೋಡಿ. ಇಲ್ಲದಿದ್ದರೆ ಮುಂದೆ ಪ್ರತಿ ಸರ್ವಿಸ್‌ಗೂ ಗೀಸರನ್ನೇ ಇಳಿಸಬೇಕಾಗುತ್ತದೆ.

ನೀಲಿ ಗುರುತು ತಣ್ಣೀರು ಒಳಗೆ, ಕೆಂಪು ಗುರುತು ಬಿಸಿ ನೀರು ಹೊರಗೆ. ಹಳೆ ಕನೆಕ್ಷನ್ ಪೈಪು ಮತ್ತೆ ಬೇಡ. ಬಿಸಿ ಸಾಲಿಗೆ ಸಾದಾ ಪಿವಿಸಿ ಹಾಕಿದರೆ ಮೆತ್ತಗಾಗಿ ಬಾಗುತ್ತದೆ, ಸಿಪಿವಿಸಿಯೇ ಆಗಬೇಕು. ಡಬ್ಬದೊಳಗೆ ಬಂದ ಸೇಫ್ಟಿ ವಾಲ್ವ್ ತಣ್ಣೀರಿನ ಕಡೆ ಕೂತಿದೆಯಾ, ಅದರ ಬಾಣದ ಗುರುತು ಗೀಸರ್ ಕಡೆ ತಿರುಗಿದೆಯಾ ನೋಡಿ. ಮೂತಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ, ತುದಿ ತೆರೆದೇ ಇರುವಂತೆ ಮೋರಿಯ ಕಡೆಗೆ ಇಳಿಬಿಡಿಸಿ. ಆಗ ಹನಿ ತಲೆ ಮೇಲೂ ಬೀಳುವುದಿಲ್ಲ, ಮುಚ್ಚಳ ಬಿಗಿಯುವ ಆಸೆಯೂ ಬರುವುದಿಲ್ಲ.

ಕರೆಂಟ್ ಕಡೆ: 16 ಆಂಪ್ ಸಾಕೆಟ್ಟು, ಇನ್ನೂ ಒಳ್ಳೆಯದು ಅಂದರೆ ಫೇಸ್ ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಡಿಪಿ ಸ್ವಿಚ್. ತಾಮ್ರದ ತಂತಿ 2.5 ಚದರ ಮಿಲಿಮೀಟರಿಗಿಂತ ಕಡಿಮೆ ಬೇಡ, ಹೊಸದಾಗಿ ಎಳೆಸುವುದಾದರೆ 4 ಹಾಕಿಸಿ. ಮೀಟರ್ ಇಟ್ಟು ಅರ್ತಿಂಗ್ ತೋರಿಸಿ ಅಂತ ಕೇಳಿ. ಫೇಸ್ ಮತ್ತು ಅರ್ತ್ ನಡುವೆ ಹೆಚ್ಚು ಕಡಿಮೆ ಫೇಸ್ ಮತ್ತು ನ್ಯೂಟ್ರಲ್ ನಡುವಿನಷ್ಟೇ ವೋಲ್ಟೇಜ್ ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಸೊನ್ನೆಯ ಹತ್ತಿರ ಇರಬೇಕು. ಆರ್‌ಸಿಸಿಬಿ ಇಲ್ಲದ ಮನೆಯಾದರೆ ಗೀಸರ್ ಬದಲಿಸುವ ನೆಪದಲ್ಲೇ ಹಾಕಿಸಿಬಿಡಿ.

ಎಲ್ಲಕ್ಕಿಂತ ಕೊನೆಗೆ ಸ್ವಿಚ್. ಮೊದಲು ಆಂಗಲ್ ಕಾಕ್ ತೆರೆದು, ಬಿಸಿ ನಲ್ಲಿಯಲ್ಲಿ ಗಾಳಿ ಬುಸಬುಸ ಅಂದು ನಿಂತು, ಸರಾಗವಾಗಿ ನೀರು ಬರುವವರೆಗೆ ಕಾಯಬೇಕು. ನೀರಿಲ್ಲದ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗಬಹುದು. ಓವರ್‌ಹೆಡ್ ಟ್ಯಾಂಕ್ ಖಾಲಿಯಾದ ದಿನವೂ ಇದನ್ನು ನೆನಪಿಡಿ. ಥರ್ಮೋಸ್ಟ್ಯಾಟ್ 55ರಿಂದ 60ರ ನಡುವೆ ಇಡಿಸಿ. ಕೆಲಸ ಮುಗಿದ ಮೇಲೆ ಬಿಲ್, ವಾರಂಟಿ ಕಾರ್ಡ್, ಗೀಸರಿನ ಮೈಮೇಲಿನ ನಂಬರ್ ಮೂರರ ಫೋಟೊ ತೆಗೆದುಕೊಳ್ಳಿ.

ಮೊದಲ ವಾರ ಟಿಶ್ಯೂ ಪರೀಕ್ಷೆ ಇನ್ನೊಮ್ಮೆ ಮಾಡಿ. ಸಡಿಲ ನಟ್ಟುಗಳು ಕಾದು ಆರಿ ಕಾದು ಆರಿ ಆಮೇಲೆ ಹನಿಯುತ್ತವೆ. ಪ್ಲಗ್ ಬಿಸಿಯಾಗುತ್ತಿದೆಯಾ ಅಂತ ಗೀಸರ್ ಆರಿಸಿದ ಕೂಡಲೇ ಕೈ ಇಟ್ಟು ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈ ಹಿಂತೆಗೆಯುವಷ್ಟು ಬಿಸಿ ಇದ್ದರೆ ಮತ್ತೆ ಕರೆಸಿ.

ಗ್ಯಾಸ್ ಗೀಸರ್ ಇರುವ ಮನೆಯವರು

ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರ್ ಇದ್ದರೆ ಅದಕ್ಕೆ ದೋಷ ಹುಡುಕುತ್ತಾ ಕೂರಬೇಡಿ, ಅಲ್ಲಿರುವುದೇ ದೋಷ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದಾಗ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಗ್ಯಾಸ್ ಆರಿಸಿ ತಕ್ಷಣ ಹೊರಗೆ ಬನ್ನಿ. ಒಳಗಿರುವವರು ಕರೆದರೆ ಓಗೊಡದಿದ್ದರೆ ಬಾಗಿಲು ಒಡೆದು ಹೊರಗೆಳೆದು 108ಕ್ಕೆ ಫೋನ್ ಮಾಡಿ. ಉರಿ ನೀಲಿ ಇರದೆ ಹಳದಿಯಾಗಿದ್ದರೂ ಬಳಸಬೇಡಿ. ಗ್ಯಾಸ್ ಸೋರಿದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಸಿಲಿಂಡರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ತಿಳಿಸಿ. ಗ್ಯಾಸ್ ಗೀಸರ್ ಇರಬೇಕಾದ್ದು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ.

ಸರ್ವಿಸ್ ಯಾವಾಗ?

ನಮ್ಮ ಅಜ್ಜಿ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿ ಹಂಡೆ ಬೆಳಗುತ್ತಿದ್ದರು. ಹಂಡೆ ಹೋಗಿ ಗೀಸರ್ ಬಂತು, ಒಳಗೆ ತಿಕ್ಕುವವರು ಯಾರೂ ಇಲ್ಲ. ಅದಕ್ಕೆ ನಾನು ಹಬ್ಬದ ಹಿಂದಿನ ವಾರವನ್ನೇ ಸರ್ವಿಸ್‌ಗೆ ಇಟ್ಟುಕೊಂಡಿದ್ದೇನೆ. ಚಳಿ ಶುರುವಾಗುವ ಮುಂಚೆ ಎಲೆಕ್ಟ್ರಿಷಿಯನ್ ಕೂಡ ಸುಲಭವಾಗಿ ಸಿಗುತ್ತಾರೆ, ಡಿಸೆಂಬರಿನಲ್ಲಿ ಫೋನ್ ಎತ್ತಿದರೆ ಪುಣ್ಯ. ಬರೀ ಕಾವೇರಿ ನೀರಿನ ಮನೆಯವರು ಎರಡು ವರ್ಷಕ್ಕೊಮ್ಮೆ ಮಾಡಿಸಿದರೂ ನಡೆಯುತ್ತದೆ. ಹೊಸ ಗೀಸರಿನ ರಾಡ್ ಮೊದಲ ವರ್ಷವೇ ತೆಗೆಸಿ ನೋಡಿದೆ. ಹೆಬ್ಬೆರಳು ಗಾತ್ರದ್ದು ಪೆನ್ಸಿಲ್ ಗಾತ್ರಕ್ಕೆ ಇಳಿದಿತ್ತು. ಅವತ್ತೇ ಹೊಸದು ಹಾಕಿಸಿ, ಹಳೆಯದನ್ನು ಮೀಟರ್ ಬೋರ್ಡಿನ ಮೇಲೆ ಇಟ್ಟಿದ್ದೇನೆ, ಮುಂದಿನ ಸಲ ಹೋಲಿಸಿ ನೋಡಲು.